ತೋಟದ ಕಾಲು

ನಮ್ಮ ಮನೆಯವರ ಎಡಗಾಲು ಹೇಗೆ ಹೋಯಿತು ಎಂದು ಕೇಳಿದವರಿಗೆಲ್ಲ ಬೇರೆ ಬೇರೆ ಉತ್ತರ ಸಿಕ್ಕಿದೆ. ಸಿಂದಗಿಯ ಸಂತೆಯಲ್ಲಿ ಕೇಳಿದವನಿಗೆ ಕಬ್ಬಿನ ಗಾಣಕ್ಕೆ ಸಿಕ್ಕಿತು ಎಂದರು. ಬಸವನ ಬಾಗೇವಾಡಿಯ ಬಸ್ ಸ್ಟ್ಯಾಂಡಿನಲ್ಲಿ ಪಕ್ಕ ಕೂತಿದ್ದ ಮುದುಕಿಗೆ ಎತ್ತು ತುಳಿಯಿತು ಎಂದರು. ಆಕೆ ಎತ್ತಿನ ಬಣ್ಣ ಯಾವುದು ಎಂದು ಕೇಳಿದಳು, ಇವರು ಅದನ್ನೂ ಹೇಳಿದರು. ಮುದ್ದೇಬಿಹಾಳದ ನನ್ನ ತವರಿನ ಓಣಿಯಲ್ಲಂತೂ ಸಕ್ಕರೆ ಕಾಯಿಲೆ ಎಂದುಬಿಟ್ಟರು. ಆಮೇಲೆ ಮದುವೆಯ ಊಟದಲ್ಲಿ ಬಡಿಸುವವರು ಇವರೊಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಸಿಹಿ ಬಡಿಸಿಕೊಂಡು ಹೋದಾಗ ಪಿಳಿಪಿಳಿ ನೋಡುತ್ತ ಕೂತರು. ನಾನು ನಕ್ಕಿದ್ದಕ್ಕೆ ಊರಿಗೆ ಮರಳುವ ತನಕ ಮಾತಾಡಲಿಲ್ಲ.

ನಿಜ ಹೇಳುವುದಕ್ಕೆ ಇವರಿಗೇನು ಧಾಡಿ ಎಂದು ನನಗೆ ಸಿಟ್ಟು. ಮದುವೆಯಾದ ಹೊಸದರಲ್ಲೇ ಕೇಳಿದ್ದೆ.

"ಮಿಲಿಟ್ರಿಯೊಳಗ ಇದ್ದೆ ಅಂತ ಹೇಳಾಕ ಏನಾಗೇತ್ರಿ ನಿಮಗ?"

"ಹೇಳಿದ್ರ ಮುಂದ ಕೇಳ್ತಾರ. ಯಾವ ಯುದ್ಧ, ಎಷ್ಟ ಮಂದೀನ ಹೊಡದಿ ಅಂತ. ನಾ ಯಾರನ್ನೂ ಹೊಡದಿಲ್ಲ. ನಮ್ಮವರ ಹೂತಿದ್ದನ್ನ ನಾವ ತಗ್ಯಾಕ ಹೋಗಿದ್ವಿ."

ಇವರು ಇದ್ದದ್ದು ಸೈನ್ಯದ ನೆಲ ಅಗೆಯುವ, ಸೇತುವೆ ಕಟ್ಟುವ ಪಡೆಯಲ್ಲಿ. ಒಮ್ಮೆ ಗಡಿಯಲ್ಲಿ ಯುದ್ಧ ಆಗಿಯೇ ಬಿಡುತ್ತದೆ ಎನ್ನುವಂತಾಗಿ, ಪಂಜಾಬಿನ ರೈತರ ಹೊಲಗಳಲ್ಲಿ ನಮ್ಮ ಸೈನ್ಯವೇ ತುಳಿದರೆ ಸಿಡಿಯುವ ಮೈನುಗಳನ್ನು ಹೂತಿತ್ತು. ಯುದ್ಧ ಆಗಲಿಲ್ಲ. ಹೂತದ್ದನ್ನೆಲ್ಲ ಮತ್ತೆ ತೆಗೆಯಬೇಕಾಯಿತು. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕ ಪ್ಲಾಸ್ಟಿಕ್ ಡಬ್ಬಿ ಅದು. ಒಬ್ಬ ಮುಂದೆ ಮೊಣಕಾಲೂರಿ, ಸಣ್ಣ ಸಲಾಕೆಯಿಂದ ನೆಲವನ್ನು ಓರೆಯಾಗಿ ಚುಚ್ಚಿ ಚುಚ್ಚಿ ನೋಡುತ್ತ, ಎರಡೂ ಬದಿಗೆ ಬಿಳಿ ಪಟ್ಟಿ ಹಾಸುತ್ತ ಹೋಗುತ್ತಾನೆ. ಇನ್ನೊಬ್ಬ ಆ ಪಟ್ಟಿಗಳ ನಡುವೆ ಅವನ ಹಿಂದೆ ಬರುತ್ತಾನೆ. ಆ ದಿನ ಮುಂದೆ ಇದ್ದವರು ಒಬ್ಬ ಸರ್ದಾರ್ಜಿ, ಇವರ ಜೀವದ ಗೆಳೆಯ. ಹಿಂದೆ ಇದ್ದವರು ಇವರು. ನೋಡಿಯಾಯಿತು ಎಂದುಕೊಂಡ ನೆಲದಲ್ಲಿ ಒಂದು ಉಳಿದಿತ್ತು. ಇವರ ಕಾಲು ಮೊಣಕಾಲಿನ ಕೆಳಗೆ ಹೋಯಿತು. ಸರ್ದಾರ್ಜಿ ಇವರನ್ನು ಬೆನ್ನ ಮೇಲೆ ಹೊತ್ತು ಅದೇ ದಾರಿಯಲ್ಲಿ ಓಡಿ ಜೀಪಿನ ತನಕ ತಂದರು. ಇಷ್ಟು ನನಗೆ ಮದುವೆಗೆ ಮೊದಲೇ ಗೊತ್ತಿತ್ತು. ಇಷ್ಟೇ ಇರುವುದು ಎಂದುಕೊಂಡಿದ್ದೆ.

ನಮ್ಮದು ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನ. ಸಾಬರೆಂದು ಕರೆಸಿಕೊಂಡರೂ ಮನೆಯಲ್ಲಿ ಆಡುವುದು ಕನ್ನಡವೇ. ನಾನು ಕನ್ನಡ ಶಾಲೆಯ ಮಾಸ್ತರಣಿ. ಇವರು ಪಿಂಚಣಿಯ ಜೊತೆಗೆ ಇಂಡಿ ಊರಿನ ಹೊರಗೆ ನಿಂಬೆ ತೋಟ ಮಾಡಿಕೊಂಡಿದ್ದಾರೆ. ಸರ್ದಾರ್ಜಿ ಒಮ್ಮೆ ಹೆಂಡತಿಯೊಡನೆ ಬಂದು ನಮ್ಮಲ್ಲಿ ಉಳಿದು, ಗಿಡದ ಕೆಳಗೆ ಬಿದ್ದ ನಿಂಬೆಹಣ್ಣುಗಳನ್ನು ಎತ್ತಿ ಎತ್ತಿ ಮೂಸಿ ನೋಡಿದ್ದರು. ಪ್ರತಿ ರಂಜಾನಿಗೆ ಅವರ ಫೋನು ಬರುತ್ತಿತ್ತು, ದೀಪಾವಳಿಗೆ ಇವರು ಮಾಡುತ್ತಿದ್ದರು. ಮಳೆ, ಬೆಳೆ, ಮಕ್ಕಳ ಓದು. ಆ ಹೊಲದ ಮಾತು ಒಮ್ಮೆಯೂ ಬಂದದ್ದನ್ನು ನಾನು ಕೇಳಿಲ್ಲ.

ಈಚೆಗೆ ಒಂದು ದಿನ ಫೋನು ಮಾಡಿದ್ದು ಸರ್ದಾರ್ಜಿಯವರ ಮಗಳು. ಲಿವರ್ ಪೂರ್ತಿ ಹೋಗಿದೆ, ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದಾರೆ. ಅಪ್ಪ ನಿಮ್ಮನ್ನೇ ಕೇಳುತ್ತಿದ್ದಾರೆ. ನಿಮ್ಮ ಹತ್ತಿರ ಒಂದು ಮಾತು ಕೇಳಬೇಕಂತೆ, ಎದುರಿಗೇ ಕೇಳಬೇಕಂತೆ. ಬರುವುದಿದ್ದರೆ ನಾಳೆಯೇ ಬನ್ನಿ ಎಂದಳು. ಮಾತು ಮುಗಿದ ಮೇಲೂ ಇವರು ಫೋನನ್ನು ಕಿವಿಯಿಂದ ಇಳಿಸಲಿಲ್ಲ.

"ಏನ್ ಕೇಳೂದೈತಂತ್ರಿ ಅವರಿಗೆ?" ಎಂದೆ.

"ಗೊತ್ತಿಲ್ಲ."

ಸುಳ್ಳು ಹೇಳುವಾಗ ಇವರು ಗಡ್ಡ ಕೆರೆದುಕೊಳ್ಳುತ್ತಾರೆ. ಇಷ್ಟು ವರ್ಷ ಕೂಡಿ ಬಾಳಿದ ಮೇಲೆ ಅಷ್ಟೂ ತಿಳಿಯದೆ ಇರುತ್ತದೆಯೇ? ಆದರೆ ಅವತ್ತು ಇವರ ಮುಖ ನೋಡಿ ನಾನು ಕೆದಕಲಿಲ್ಲ.

ರೈಲಿನಲ್ಲಿ ಹೋದರೆ ಮುಟ್ಟುವ ಹಾಗಿರಲಿಲ್ಲ. ಸಿಂದಗಿಯಲ್ಲಿರುವ ನಾದಿನಿಯ ಮಗಳು ತನ್ನ ಮೊಬೈಲಿನಲ್ಲೇ ವಿಮಾನದ ಟಿಕೆಟ್ಟು ಮಾಡಿಸಿದಳು. ನಮ್ಮ ಜಿಲ್ಲೆಯಿಂದ ಆಗಿನ್ನೂ ವಿಮಾನ ಹಾರುತ್ತಿರಲಿಲ್ಲ, ಕಾರಿನಲ್ಲಿ ಇನ್ನೊಂದು ಜಿಲ್ಲೆಗೆ ಹೋಗಿ ಹತ್ತಬೇಕು. ಅಲ್ಲಿಂದ ಮುಂಬೈ, ಮುಂಬೈಯಿಂದ ಪಂಜಾಬು. ಮೊದಲನೆಯದು ತಪ್ಪಿದರೆ ಎರಡನೆಯದೂ ತಪ್ಪುತ್ತದೆ ಎಂದು ಹುಡುಗಿ ಎಚ್ಚರ ಹೇಳಿದಳು.

"ಮಾಮಾ, ಗಾಲಿ ಕುರ್ಚಿ ಬೇಕು ಅಂತ ಹಾಕೀನಿ. ಅಲ್ಲೆ ಮಾಜಿ ಸೈನಿಕ ಅಂತ ಮೊದಲ ಹೇಳ್ರಿ. ಸಹಾಯಕ್ಕ ಒಬ್ರು ಬರ್ತಾರ. ಎಲ್ಲಾರ ಮುಂದ ಕಾಲು ಬಿಚ್ಚೂದಿರೂದಿಲ್ಲ, ತಪಾಸಣಿಗೆ ಬ್ಯಾರೆ ಖೋಲಿ ಇರ್ತೈತಿ."

"ನನಗ ಕುರ್ಚಿ ಗಿರ್ಚಿ ಬ್ಯಾಡವಾ. ನಾ ನಡೀತೇನಿ," ಎಂದರು ಇವರು.

ಇಲ್ಲಿ ಒಂದು ಸಂಗತಿ ಹೇಳಬೇಕು. ಇವರಿಗೆ ಎರಡು ಕಾಲುಗಳಿವೆ, ಅಂದರೆ ಎರಡು ಕೃತಕ ಎಡಗಾಲು. ಸೈನ್ಯದ ಆಸ್ಪತ್ರೆಯವರು ಮಾಡಿಕೊಟ್ಟ ಹೊಸದು ಊರ ಕಾಲು. ಪ್ಯಾಂಟು ಹಾಕಿದರೆ ನಿಜವಾದ ಕಾಲಿನ ಹಾಗೇ ಕಾಣುತ್ತದೆ, ಮದುವೆ, ಮಸೀದಿ, ಬ್ಯಾಂಕಿಗೆ ಅದು. ಹಳೆಯದು ತೋಟದ ಕಾಲು. ಅದರ ಪಾದ ಸವೆದು ಹೋದಾಗ ಇವರೇ ಟೈರಿನ ತುಂಡು ಕತ್ತರಿಸಿ ಅಡಿಗೆ ಮೊಳೆ ಹೊಡೆದಿದ್ದಾರೆ, ಹನಿ ನೀರಾವರಿಯ ಕೆಸರಿನಲ್ಲಿ ಜಾರಬಾರದೆಂದು. ಮನೆಯ ಹಿಂದೆಯೇ ಇರುವ ತೋಟದ ಶೆಡ್ಡಿನಲ್ಲಿ ಗೊಬ್ಬರದ ಚೀಲಗಳ ಮೇಲೆ ಅದರ ಜಾಗ. ನಿಂಬೆಗೆ ನೀರಿನಲ್ಲಿ ಕರಗಿಸಿ ಬಿಡುವ ಬಿಳಿ ಗೊಬ್ಬರವನ್ನು ಕಲಸುವಾಗ ಅದರ ಮೇಲೆಲ್ಲ ಚೆಲ್ಲಿಕೊಂಡಿರುತ್ತಾರೆ.

ಹೊರಡುವ ದಿನ ಬೆಳಿಗ್ಗೆ ನನ್ನ ಅಣ್ಣ ಮುದ್ದೇಬಿಹಾಳದಿಂದ ಕಾರು ತಂದು ಬಾಗಿಲ ಮುಂದೆ ನಿಲ್ಲಿಸಿದ್ದ. ಒಳಗೆ ಇವರು ಊರ ಕಾಲು ಹಾಕಲು ಒದ್ದಾಡುತ್ತಿದ್ದರು. ಹಿಂದಿನ ದಿನವೆಲ್ಲ ಸುಮ್ಮನೆ ಕೂರಲಾಗದೆ ತೋಟದಲ್ಲಿ ನಿಂತೇ ಇದ್ದುದರಿಂದ ಮೊಂಡುಗಾಲು ಬಾತಿತ್ತು. ಹೊಸ ಕಾಲಿನ ಬಾಯಿಗೆ ಅದು ಇಳಿಯಲಿಲ್ಲ, ಹಳೆಯದರ ಬಾಯಿ ಸಡಿಲ.

"ಇರ್ಲಿ ಬಿಡು. ಅದನ್ನ ತೊಗೊಂಡ ಬಾ," ಎಂದರು.

ತೋಟದ ಕಾಲು ತಂದೆ. ಒದ್ದೆ ಬಟ್ಟೆಯಿಂದ ಒರೆಸಿಕೊಟ್ಟೆ. ನಿಂಬೆ ಬೆಳೆಯುವವರಲ್ಲದೆ ಬೇರೆ ಯಾರು ಇಂಥ ಕಾಲು ಕಟ್ಟಿಕೊಂಡು ವಿಮಾನಕ್ಕೆ ಹೊರಟಾರು? ತಪಾಸಣೆಯಲ್ಲಿ ಈ ಕಾಲು ತೊಡಕಾದೀತು ಎಂದು ಆ ಹೊತ್ತಿಗೆ ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ.

ನಾವು ಹೋದ ವಿಮಾನ ನಿಲ್ದಾಣದ ಹೆಸರು ಬರೆಯುವುದಿಲ್ಲ. ಅಲ್ಲಿಯವರು ನಮಗೆ ಕೆಟ್ಟದ್ದೇನೂ ಮಾಡಲಿಲ್ಲ. ಬಾಗಿಲಲ್ಲೇ ಒಬ್ಬ ಹುಡುಗಿ ಗಾಲಿ ಕುರ್ಚಿ ಹಿಡಿದು ನಿಂತಿದ್ದಳು. ದಕ್ಷಿಣದ ಕಡೆಯ ಮೆದು ಕನ್ನಡ ಅವಳದು. "ಸರ್, ಕೂತ್ಕೊಳ್ಳಿ, ನಾನು ಕರ್ಕೊಂಡ್ ಹೋಗ್ತೀನಿ," ಎಂದಳು. ಇವರು ತಮ್ಮ ಚೀಲವನ್ನು ಕುರ್ಚಿಯ ಮೇಲಿಟ್ಟು, ಪಕ್ಕದಲ್ಲಿ ನಡೆದರು. ಖಾಲಿ ಕುರ್ಚಿ ದೂಡಿಕೊಂಡು ಹೋಗುವ ಅವಳಿಗೂ ನಗು, ಹಿಂದೆ ನಡೆಯುವ ನನಗೂ ನಗು. ನಕ್ಕದ್ದು ಅಲ್ಲಿಗೇ ಮುಗಿಯಿತು.

ತಪಾಸಣೆಯ ಚೌಕಟ್ಟಿನಲ್ಲಿ ಇವರು ಕಾಲಿಟ್ಟ ಕೂಡಲೇ ಅದು ಕಿರುಚಿತು. ಅದು ನಿರೀಕ್ಷೆಯದೇ. ಕೈಯಲ್ಲಿ ಹಿಡಿಯುವ ಯಂತ್ರ ಆಡಿಸಿದ ಭದ್ರತಾ ಪಡೆಯ ಜವಾನ, ಪ್ಯಾಂಟು ಮೇಲೆತ್ತಿ ಕಾಲು ನೋಡಿ, ತಲೆಯಾಡಿಸಿ, ಒಂದು ಸಣ್ಣ ಬಟ್ಟೆಯ ಚೂರಿನಿಂದ ಅದನ್ನು ಒರೆಸಿ, ಆ ಚೂರನ್ನು ಇನ್ನೊಂದು ಯಂತ್ರದೊಳಗೆ ಇಟ್ಟ. ಒಂದು ಗಳಿಗೆ ಸುಮ್ಮನಿದ್ದು ಆ ಯಂತ್ರ ಕೆಂಪಾಗಿ ಕೂಗಿಕೊಂಡಿತು. ಜವಾನ ಮತ್ತೊಂದು ಚೂರಿನಿಂದ ಒರೆಸಿದ. ಮತ್ತೆ ಕೂಗಿತು. ಅವನು ಯಾರನ್ನೋ ಕರೆದ. ನನ್ನ ಜೊತೆಗಿದ್ದ ಹುಡುಗಿಯ ಮುಖ ಸಪ್ಪಗಾಯಿತು.

"ಏನಂತ ಅನ್ನಾಕತ್ತೈತವಾ ಅದು?" ಎಂದು ಕೇಳಿದೆ.

ಅವಳು ನನ್ನ ಕಿವಿಯ ಹತ್ತಿರ ಬಂದು, "ಸ್ಫೋಟಕ ಇದೆ ಅಂತಿದೆ ಮೇಡಂ," ಎಂದಳು.

ಸ್ಫೋಟಕದಿಂದ ಕಾಲು ಕಳೆದುಕೊಂಡ ಮನುಷ್ಯನ ಕೃತಕ ಕಾಲಿನಲ್ಲಿ ಸ್ಫೋಟಕ! ಇದನ್ನು ಯಾರ ಮುಂದೆ ಹೇಳಿ ಅಳುವುದು? ಅದಕ್ಕಿಂತ ಹೆಚ್ಚಿನ ಹೆದರಿಕೆ ಇನ್ನೊಂದಿತ್ತು, ಅದನ್ನೂ ಹೇಳಿಬಿಡುತ್ತೇನೆ. ಟಿಕೆಟ್ಟಿನ ಮೇಲೆ ನಮ್ಮ ಹೆಸರುಗಳಿದ್ದವು. ಇವರಿಗೆ ಗಡ್ಡವಿದೆ, ನನ್ನ ತಲೆಯ ಮೇಲೆ ಸೆರಗಿದೆ. ಯಂತ್ರಕ್ಕೆ ಯಾರ ಹೆಸರೂ ಗೊತ್ತಿಲ್ಲ, ಆದರೆ ಸಾಲಿನಲ್ಲಿ ನಿಂತವರಿಗೆ ಕಣ್ಣುಗಳಿವೆ. ಒಬ್ಬಾಕೆ ತನ್ನ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು. ಸುಮ್ಮನೆ ಎಳೆದುಕೊಂಡಿರಬಹುದು. ನನಗೆ ಹಾಗೆ ಕಾಣಲಿಲ್ಲ.

ನಮ್ಮನ್ನು ಪಕ್ಕದ ಸಣ್ಣ ಖೋಲಿಗೆ ಕರೆದೊಯ್ದರು. ಜೊತೆಗಾರಳೆಂದು ನನ್ನನ್ನೂ, ಭಾಷೆಗೆ ಅನುಕೂಲವೆಂದು ಆ ಹುಡುಗಿಯನ್ನೂ ಒಳಗೆ ಬಿಟ್ಟರು. ಬಂದ ಅಧಿಕಾರಿ ಉತ್ತರದ ಕಡೆಯವರು, ನಡುವಯಸ್ಸು. ಕಾಲು ಬಿಚ್ಚಿ ಕೊಡಬೇಕಾಗುತ್ತದೆ, ತೊಂದರೆಗೆ ಕ್ಷಮಿಸಿ ಎಂದರು. ಇವರು ಪಟ್ಟಿ ಬಿಚ್ಚಿ ಕಾಲು ಕೊಟ್ಟು, ಬೆಂಚಿನ ಮೇಲೆ ಕೂತರು. ಪ್ಯಾಂಟಿನ ಒಂದು ಬದಿ ಖಾಲಿಯಾಗಿ ಜೋತುಬಿದ್ದಿತ್ತು.

ಅಲ್ಲಿ ನಡೆದ ಮಾತು ಹಿಂದಿಯಲ್ಲಿ, ಕೇಳಿದರೆ ನನಗೆ ತಿಳಿಯುತ್ತದೆ, ಆಡಲು ತಡವರಿಸುತ್ತೇನೆ; ನಾನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಏನು ಕೆಲಸ ಮಾಡುತ್ತೀರಿ ಎಂದು ಅಧಿಕಾರಿ ಕೇಳಿದರು. ತೋಟ ಎಂದರು ಇವರು. ರಸಗೊಬ್ಬರ ಬಳಸುತ್ತೀರಾ? ಹೌದು. ಈ ಕಾಲಿನಲ್ಲೇ? ಹೌದು. ಅಧಿಕಾರಿ ಉಸಿರು ಬಿಟ್ಟು, ಕೆಲವು ಗೊಬ್ಬರಕ್ಕೂ ಈ ಯಂತ್ರ ಹೀಗೆ ಕೂಗುತ್ತದೆ, ಆದರೂ ನೋಡಲೇಬೇಕು ಎಂದರು. ಕಾಲು ಹೇಗೆ ಹೋಯಿತು?

"ಅಪಘಾತ," ಎಂದರು ಇವರು.

ಇನ್ನು ನನ್ನಿಂದ ತಡೆಯಲಾಗಲಿಲ್ಲ. ಚೀಲದಿಂದ ಮಾಜಿ ಸೈನಿಕರ ಕಾರ್ಡು ತೆಗೆದು ಮೇಜಿನ ಮೇಲಿಟ್ಟೆ.

"ಸಾಹೇಬ್ರ, ಇವ್ರು ಮಿಲಿಟ್ರಿಯೊಳಗ ಇದ್ದವ್ರು. ಮೈನು ತಗ್ಯಾಕ ಹೋಗಿ ಕಾಲು ಕಳಕೊಂಡಾರ. ಇವರ ಜೀವಾ ಉಳಿಸಿದ ಗೆಳ್ಯಾ ಸಾಯಾಕತ್ತಾನ, ನೋಡಾಕ ಹೊಂಟೇವಿ. ವಿಮಾನ ತಪ್ಪಿದ್ರ ಮುಗೀತು."

ಹುಡುಗಿ ಅದನ್ನು ಹಿಂದಿಯಲ್ಲಿ ಹೇಳಿದಳು. ಅಧಿಕಾರಿ ಕಾರ್ಡು ನೋಡಿದರು. ಬಾಗಿಲಲ್ಲೇ ಹೇಳಬಾರದಿತ್ತೇ, ನಿಮ್ಮಂಥವರಿಗಾಗಿಯೇ ನಮ್ಮಲ್ಲಿ ಸಹಾಯವಿದೆ ಎಂದರು. ಅಷ್ಟರಲ್ಲಿ ಕ್ಷಕಿರಣದ ಯಂತ್ರದಿಂದ ಕಾಲು ವಾಪಸು ಬಂತು. ಒಳಗಿನ ಬಾಯಿಯನ್ನು ಒರೆಸಿ ನೋಡಿದರು, ಅಲ್ಲಿ ಯಂತ್ರ ಕೂಗಲಿಲ್ಲ. ಹೊರಗೆ ಮಾತ್ರ ಕೂಗುತ್ತಿದೆ, ಗೊಬ್ಬರವೇ ಸರಿ. ಚಿತ್ರದಲ್ಲಿ ಪಾದದ ಹತ್ತಿರ ಟೈರಿನ ತುಂಡು ಕಪ್ಪಗೆ, ಮೊಳೆಗಳು ನೀಲಿಯಾಗಿ ಕಂಡಿವೆ, ಬೇರೇನೂ ಇಲ್ಲ. ಮುಗಿಯಿತು, ಹಾಕಿಕೊಳ್ಳಿ, ನನ್ನ ಜವಾನ ನಿಮ್ಮನ್ನು ಗೇಟಿನ ತನಕ ಬಿಟ್ಟು ಬರುತ್ತಾನೆ ಎಂದರು. ನಾನು ಮನಸ್ಸಿನಲ್ಲೇ ಅವರಿಗೆ ಸಾವಿರ ದುವಾ ಕೊಟ್ಟೆ.

ಇವರು ಕಾಲು ತೆಗೆದುಕೊಳ್ಳಲಿಲ್ಲ.

"ರಬ್ಬರಿನ ಕೆಳಗೆ ನೋಡಲಿಲ್ಲ ನೀವು," ಎಂದರು.

ಚಿತ್ರದಲ್ಲಿ ನೋಡಿದ್ದೇವೆ ಎಂದರು ಅಧಿಕಾರಿ.

"ಕಪ್ಪಗೆ ಕಂಡಿತು ಅಂದಿರಿ. ಕಪ್ಪಗೆ ಕಂಡದ್ದರ ಕೆಳಗೆ ಏನಿದೆ ಎಂದು ನೋಡಿಲ್ಲ. ರಬ್ಬರು ಕಿತ್ತು ನೋಡಿ."

ಅಧಿಕಾರಿಗೆ ನಗಬೇಕೋ ಸಿಡುಕಬೇಕೋ ತಿಳಿಯಲಿಲ್ಲ. "ನಮ್ಮ ಕೆಲಸ ನಮಗೆ ಗೊತ್ತಿದೆ. ಅಲ್ಲಿ ಏನಾದರೂ ಇದೆಯೇ?"

"ಇಲ್ಲ. ಆದರೆ ನಾನು ಹೇಳಿದೆ ಎಂದು ನಂಬಬೇಡಿ. ಪೂರಾ ನೋಡಿ."

ಪ್ರಯಾಣಿಕನೇ ಹೀಗೆಂದ ಮೇಲೆ ಅವರು ಬಿಡುವ ಹಾಗಿಲ್ಲವಂತೆ. ಮುಖ ಗಂಟಿಕ್ಕಿಕೊಂಡು ಮೊಳೆ ಕೀಳುವ ಇಕ್ಕಳ ತರಲು ಜವಾನನನ್ನು ಕಳಿಸಿದರು. ಇಕ್ಕಳ ಆ ಕಟ್ಟಡದಲ್ಲಿ ಎಲ್ಲಿತ್ತೋ, ಅವನು ಬೇಗ ಬರಲೇ ಇಲ್ಲ. ಹುಡುಗಿಯ ಕೈಯ ವಾಕಿಟಾಕಿ ಗೊರಗುಟ್ಟುತ್ತಿತ್ತು. "ಮೇಡಂ, ಗೇಟ್ ಕ್ಲೋಸ್ ಮಾಡ್ತಿದಾರೆ. ಸರ್‌ಗೆ ಹೇಳಿ ಪ್ಲೀಸ್," ಎಂದು ಅವಳು ನನ್ನ ತೋಳು ಹಿಡಿದಳು.

ನಾನು ಇವರ ಮುಂದೆ ಹೋಗಿ ನಿಂತೆ. ಮೂರನೆಯವರ ಎದುರು ಗಂಡನ ಮೇಲೆ ದನಿ ಏರಿಸಬಾರದು ಎಂಬುದೆಲ್ಲ ಮರೆತುಹೋಯಿತು.

"ಹುಚ್ಚ ಹಿಡದೈತೇನ್ರಿ ನಿಮಗ? ಅಲ್ಲೆ ಅವರು ಜೀವಾ ಹಿಡಕೊಂಡ ಕುಂತಾರ, ಇಲ್ಲೆ ನೀವು ಟೈರಿನ ತುಂಡ ಹಿಡಕೊಂಡ ಕುಂತೀರಿ. ಬಿಟ್ಟೇವಿ ಹೋಗ್ರಿ ಅಂದ್ರ ಹೋಗಾಕ ಏನ್ ಬ್ಯಾನಿ?"

"ಅರ್ಧಾ ನೋಡಿ ಸಾಫ್ ಅನ್ನಬಾರದು."

"ನಿಮಗ ಹೋಗೂದ ಬ್ಯಾಡಾಗೇತಿ," ಎಂದೆ. ಬಾಯಿಂದ ಬಂದ ಮೇಲೆ ಅದು ನಿಜ ಎಂದು ನನಗೇ ಅನ್ನಿಸಿತು. "ಅವರು ಏನ್ ಕೇಳ್ತಾರ ಅನ್ನೂದು ನಿಮಗ ಗೊತ್ತೈತಿ. ಅದಕ್ಕ ಹಿಂಗ ಮಾಡಾಕತ್ತೀರಿ."

ಇವರು ನೆಲ ನೋಡುತ್ತ ಕೂತರು. ಗಡ್ಡಕ್ಕೆ ಕೈ ಹೋಗಲಿಲ್ಲ.

"ಗೊತ್ತೈತಿ," ಎಂದರು. "ಅವತ್ತ ಬಿತ್ತೂ ಹೊತ್ತು ಬಂದಿತ್ತು. ರೈತರು ಹೊಲದ ಬದುವಿಗೆ ಟ್ರ್ಯಾಕ್ಟರ್ ತಂದು ನಿಂತಿದ್ರು. ಅವನ ಸೀಮಿ ಅದು, ಅವನ ಮಂದಿ. ಲಗೂ ಬಿಟ್ಟಕೊಡಬೇಕು ಅಂತ ಅವಗ ಅವಸರ. ಊಟದ ಗಾಡಿನೂ ಬಂದಿತ್ತು, ಬ್ಯಾಳಿ ವಾಸನಿ ಬರಾಕತ್ತಿತ್ತು. ಕಡೀಗೆ ಒಂದೀಟ ನೆಲಾ ಉಳದಿತ್ತು. ಅಲ್ಲೆ ಅಂವ ಚುಚ್ಚಲಿಲ್ಲ. ಮ್ಯಾಲ ಮ್ಯಾಲ ಕಣ್ಣಾಡಿಸಿ ಸಾಫ್ ಅಂದ. ನಾ ಹಿಂದ ನಿಂತ ನೋಡೀನಿ."

"ನೋಡಿ?"

"ನೋಡಿ ಸುಮ್ನಿದ್ದೆ."

ಇಷ್ಟು ವರ್ಷ ಇವರು ಆ ಗೆಳೆಯನ ಹೆಸರೆತ್ತಿದಾಗಲೆಲ್ಲ ನಾನು ಕೃತಜ್ಞತೆಯಿಂದ ಕರಗಿದ್ದೇನೆ. ನಮ್ಮ ಮಕ್ಕಳಿಗೆ ಅವರನ್ನು ದೇವದೂತನ ಹಾಗೆ ವರ್ಣಿಸಿದ್ದೇನೆ. ಈಗ ಯಾರ ಮೇಲೆ ಸಿಟ್ಟಾಗಬೇಕು ಎಂದೇ ತಿಳಿಯದೆ ಆ ಖೋಲಿಯ ನಡುವೆ ನಿಂತಿದ್ದೆ. ಅವಸರ ಮಾಡಿದವರ ಮೇಲೆಯೋ, ನೋಡಿಯೂ ಸುಮ್ಮನಿದ್ದ ಇವರ ಮೇಲೆಯೋ? ಇವರು ಸೈನಿಕನೆಂದು ಹೇಳಿಕೊಳ್ಳದೆ ಎತ್ತಿನ ಬಣ್ಣ ವರ್ಣಿಸುತ್ತ ತಿರುಗಿದ್ದು ಯಾಕೆಂದು ಮಾತ್ರ ಆಗ ತಿಳಿಯಿತು. ಸೈನಿಕನೆಂದು ಯಾರಾದರೂ ಕೈಮುಗಿದರೆ ಇವರಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಜವಾನ ಇಕ್ಕಳ ತಂದ. ಮೊಳೆಗಳನ್ನು ಒಂದೊಂದಾಗಿ ಕಿತ್ತರು. ಟೈರಿನ ಕೆಳಗೆ ಒಣಗಿದ ಕೆಸರು ಬಿಟ್ಟರೆ ಏನೂ ಇರಲಿಲ್ಲ. ಅದನ್ನೂ ಒರೆಸಿ ನೋಡಿದರು. ಅಧಿಕಾರಿ ಇನ್ನಾದರೂ ಸಮಾಧಾನವಾಯಿತೇ ಎನ್ನುವಂತೆ ಇವರ ಮುಖ ನೋಡಿದರು. ಹುಡುಗಿ ವಾಕಿಟಾಕಿಯನ್ನು ಸೊಂಟಕ್ಕೆ ಸಿಕ್ಕಿಸಿ, "ಹೋಯ್ತು ಮೇಡಂ," ಎಂದಳು.

ಅದೇ ಹೊತ್ತಿಗೆ ತಟ್ಟೆಯಲ್ಲಿದ್ದ ಇವರ ಫೋನು ರಿಂಗಾಯಿತು. ಸರ್ದಾರ್ಜಿಯವರ ಮಗಳು. ಹತ್ತಿದಿರಾ ಎಂದು ಕೇಳಿದಳು. ಇಲ್ಲ ಎಂದು ನಾನೇ ಹೇಳಿದೆ, ಹೇಳುತ್ತ ಅಳು ಬಂತು. ಅಪ್ಪ ಎಚ್ಚರವಾಗಿದ್ದಾರೆ, ನಾಳೆಯ ತನಕ ಹೇಗೋ ಏನೋ, ಫೋನು ಅವರ ಕಿವಿಗೆ ಹಿಡಿಯುತ್ತೇನೆ ಎಂದಳು. ಅಧಿಕಾರಿ ಜವಾನನಿಗೆ ಕಣ್ಸನ್ನೆ ಮಾಡಿ ಇಬ್ಬರೂ ಬಾಗಿಲ ಹತ್ತಿರ ಸರಿದು ನಿಂತರು.

ಫೋನನ್ನು ನಾನೇ ಇವರ ಕಿವಿಯ ಹತ್ತಿರ ಹಿಡಿದುಕೊಂಡೆ, ಹಾಗಾಗಿ ಎರಡೂ ಕಡೆಯ ಮಾತು ನನಗೆ ಕೇಳಿಸಿತು. ಆ ಕಡೆಯಿಂದ ಮೊದಲು ಉಸಿರು ಮಾತ್ರ ಬಂತು. ಅವರು ಕೇಳುವುದಕ್ಕೆ ಮೊದಲೇ ಇವರು ಗಡ್ಡ ಕೆರೆದುಕೊಂಡು ಶುರು ಮಾಡಿದರು.

"ಕೇಳು. ನೀನು ಸರಿಯಾಗೇ ನೋಡಿದ್ದೆ. ಪೂರಾ ನೋಡಿದ್ದೆ. ಹಿಂದಿನ ವಾರದ ಮಳೆಗೆ ಎಲ್ಲಿಂದಲೋ ಸರಿದು ಬಂದು ಕೂತಿತ್ತು ಅದು. ನಿನ್ನ ತಪ್ಪಿಲ್ಲ."

ಈಗಷ್ಟೇ ಅರ್ಧ ನೋಡಿ ಸಾಫ್ ಅನ್ನಬಾರದು ಎಂದು ವಿಮಾನ ಬಿಟ್ಟ ಮನುಷ್ಯ ಹೀಗೆ ಹೇಳಿದರು.

ಆ ಕಡೆಯಿಂದ ಬಂದ ದನಿ ಬಹಳ ಸಣ್ಣಗಿತ್ತು, ಆದರೆ ಮಾತು ಬಿಡಿಬಿಡಿಯಾಗಿ ಸ್ಪಷ್ಟವಾಗಿತ್ತು.

"ನಾನು ನೋಡಲಿಲ್ಲ ಎಂದು ನನಗೆ ಗೊತ್ತು. ಅದನ್ನು ಕೇಳಲು ನಿನ್ನನ್ನು ಕರೆಯಲಿಲ್ಲ. ನೀನು ನನ್ನ ಹಿಂದೆ ಇದ್ದೆ. ನೋಡಿದ್ದೆ. ಯಾಕೆ ತಡೆಯಲಿಲ್ಲ?"

ಇವರು ಕಣ್ಣು ಮುಚ್ಚಿದರು. ಇನ್ನೊಂದು ಸುಳ್ಳು ಹೇಳಿಬಿಡಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ, ಸಾಯುವವರಿಗೆ ಹೇಳಿದ ಸುಳ್ಳನ್ನು ಯಾವ ದೇವರೂ ಲೆಕ್ಕಕ್ಕೆ ಹಿಡಿಯಲಾರ. ಇವರು ಗಡ್ಡದ ಮೇಲಿದ್ದ ಕೈ ಇಳಿಸಿ ಬಾಯಿ ಬಿಟ್ಟರು.

"ಹಸಿವಾಗಿತ್ತು."

ಆ ಕಡೆಯಿಂದ ಮೊದಲು ಕೆಮ್ಮು ಎಂದುಕೊಂಡೆ. ಕೆಮ್ಮಲ್ಲ, ನಗು. ನಗಲಾರದವರು ನಗುವ ನಗು.

"ನನಗೂ," ಎಂದರು ಸರ್ದಾರ್ಜಿ. "ಬಹಳ ಹಸಿವಾಗಿತ್ತು."

ಇವರೂ ನಕ್ಕರು. ಕಣ್ಣಿಂದ ನೀರು ಗಡ್ಡಕ್ಕೆ ಇಳಿಯುತ್ತಿತ್ತು, ಹೆಗಲು ಕುಲುಕುತ್ತಿದ್ದವು. ಮಗಳು ಫೋನು ತೆಗೆದುಕೊಂಡು, ಅಪ್ಪನಿಗೆ ಆಯಾಸವಾಗುತ್ತಿದೆ ಎಂದು ಇಟ್ಟಳು. ಅಧಿಕಾರಿ ಬಂದು ಕಾಲನ್ನೂ ಕಿತ್ತ ಟೈರಿನ ತುಂಡನ್ನೂ ಮೊಳೆಗಳನ್ನೂ ನನ್ನ ಕೈಗೆ ಕೊಟ್ಟರು. ಮರುದಿನದ ವಿಮಾನದಲ್ಲಿ ನಮಗೆ ಜಾಗ ಸಿಗುವಂತೆ ಅವರೇ ಕಂಪನಿಯವರ ಹತ್ತಿರ ಮಾತಾಡಿದರು. ಎದುರಿಗೆ ಹೋಗಿ ಹೇಳಬೇಕಾದ ಮಾತನ್ನು ಫೋನಿನಲ್ಲಿ ಮುಗಿಸಿದಿರಲ್ಲ ಎಂದು ಹೊರಗೆ ಬಂದ ಮೇಲೆ ನಾನು ಅಂದೆ, ಅಂದಿದ್ದಕ್ಕೆ ಆಮೇಲೆ ಬೇಜಾರು ಮಾಡಿಕೊಂಡೆ.

ಮರುದಿನ ನಾವು ಅವರ ಊರು ಮುಟ್ಟಿದಾಗ ಸರ್ದಾರ್ಜಿ ತೀರಿಹೋಗಿದ್ದರು, ದಹನವೂ ಮುಗಿದಿತ್ತು. ಅಂಗಳದಲ್ಲಿ ಹಾಸಿದ ಜಮಖಾನೆಯ ಮೇಲೆ ಹೆಂಗಸರು ಕೂತಿದ್ದರು. ಅವರ ಹೆಂಡತಿ ಎದ್ದು 'ಭಾಯಿಸಾಬ್' ಎಂದು ಇವರ ಎರಡೂ ಕೈ ಹಿಡಿದುಕೊಂಡರು. ಅಳು ಸ್ವಲ್ಪ ಇಳಿದ ಮೇಲೆ ಆಕೆ ಕೇಳಿದ್ದು ಒಂದೇ: ಕೊನೆಯ ದಿನಗಳಲ್ಲಿ ನನ್ನನ್ನಲ್ಲ, ಮಕ್ಕಳನ್ನಲ್ಲ, ನಿಮ್ಮನ್ನೇ ಕರೆಯಿರಿ ಎನ್ನುತ್ತಿದ್ದರು. ಕೇಳುವುದಿದೆ, ಕೇಳುವುದಿದೆ ಎನ್ನುತ್ತಿದ್ದರು. ಫೋನಿನಲ್ಲಿ ಏನು ಕೇಳಿದರು?

ನಾನು ಇವರ ಕೈ ನೋಡಿದೆ. ಎರಡೂ ಆಕೆಯ ಕೈಯಲ್ಲಿದ್ದವು.

"ಅವತ್ತು ನನಗೆ ಹಸಿವಾಗಿತ್ತೇ ಎಂದು ಕೇಳಿದ," ಎಂದರು ಇವರು.

ಆಕೆಗೆ ಏನು ತಿಳಿಯಿತೋ, ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ಪಕ್ಕದ ಮನೆಯವರು ತಂದಿಟ್ಟಿದ್ದ ರೊಟ್ಟಿ, ಬೇಳೆ ಬಡಿಸಿಕೊಂಡು ಬಂದು ಇವರ ಮುಂದೆ ಇಟ್ಟರು. ಹಿಂದಿನ ದಿನದಿಂದ ಇವರು ಏನೂ ತಿಂದಿರಲಿಲ್ಲ. ತಲೆ ತಗ್ಗಿಸಿ, ತಟ್ಟೆ ಖಾಲಿಯಾಗುವ ತನಕ ಉಂಡರು.